ಕುದುರೆಯ ಕುಲ, ಕಾಲು ಮತ್ತು ಕೆಲಸ

(ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕೇಳುಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ದನದ ಸಂತೆಯಲ್ಲಿ ಎತ್ತು ಕೊಳ್ಳಲು ಬಂದ ಅನುಭವಸ್ಥ ರೈತ ಮೊದಲು ಬೆಲೆ ಕೇಳುವುದಿಲ್ಲ. ಎತ್ತಿನ ಸುತ್ತ ಒಂದು ಸಲ ಬರುತ್ತಾನೆ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಗೊರಸು, ಮಂಡಿ, ಹೆಗಲು ಮುಟ್ಟಿ ನೋಡುತ್ತಾನೆ. ಮೈಮೇಲಿನ ಸುಳಿ ಹುಡುಕುತ್ತಾನೆ. ‘ಯಾವ ಊರಿನದು? ಯಾರ ಹಟ್ಟಿಯದು? ಯಾವ ಹೋರಿಗೆ ಹುಟ್ಟಿದ್ದು?’ ಎಂದು ವಿಚಾರಿಸುತ್ತಾನೆ. ಕಡೆಗೆ, ‘ಒಂದಷ್ಟು ದೂರ ನಡೆಸಪ್ಪ, ನೋಡೋಣ’ ಎನ್ನುತ್ತಾನೆ. ದಳ್ಳಾಳಿಯ ಮಾತು ಶುರುವಾಗುವುದು ಇಷ್ಟೆಲ್ಲ ಆದ ಮೇಲೆ.

ಈ ನಾಲ್ಕು ಹೆಜ್ಜೆಗಳಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಹುಟ್ಟನ್ನು ಕೇಳುವುದು ವಂಶಾವಳಿಯ ಪರೀಕ್ಷೆ. ಮೈ ಮುಟ್ಟುವುದು ಅಂಗರಚನೆಯ ಪರೀಕ್ಷೆ. ನಡೆಸಿ ನೋಡುವುದು ಚಲನೆಯ ಪರೀಕ್ಷೆ. ಈ ಮೂರಕ್ಕಿಂತ ಮೊದಲೇ ರೈತನ ಮನಸ್ಸಿನಲ್ಲಿ ತೀರ್ಮಾನವಾಗಿರುವ ಸಂಗತಿ ಇನ್ನೊಂದಿದೆ: ಈ ಎತ್ತು ಉಳುಮೆಗೆ ಬೇಕೋ, ಗಾಡಿಗೆ ಬೇಕೋ, ಓಟಕ್ಕೆ ಬೇಕೋ? ಕೆಲಸ ಯಾವುದೆಂದು ಗೊತ್ತಿಲ್ಲದೆ ಒಳ್ಳೆಯ ಎತ್ತು, ಕೆಟ್ಟ ಎತ್ತು ಎಂದು ಹೇಳಲು ಬಾರದು.

ಲಕ್ಷಾಂತರ ರೂಪಾಯಿ ಬೆಲೆಬಾಳುವ ಥರೋಬ್ರೆಡ್ ಕುದುರೆಯನ್ನು ಅಳೆಯುವವರೂ ಕೇಳಬೇಕಾದದ್ದು ಇದೇ ಪ್ರಶ್ನೆಗಳನ್ನು. ರೇಸಿಗಾಗಿ ಹುಟ್ಟಿಸಿದ ಕುದುರೆ ರೇಸು ಮುಗಿದ ಮೇಲೆ ಅಡೆತಡೆ ಹಾರುವ, ಗುಡ್ಡಗಾಡು ಓಡುವ, ಸವಾರನ ಸೂಕ್ಷ್ಮ ಸಂಜ್ಞೆಗೆ ಹೆಜ್ಜೆಯಿಡುವ ಕ್ರೀಡಾ ಕುದುರೆ ಆಗಬಲ್ಲದೆ ಎಂಬುದು ಇಂದಿನ ವಿಷಯ.

ಈ ಪ್ರಶ್ನೆ ಶ್ರೀಮಂತರ ಹವ್ಯಾಸಕ್ಕೆ ಮಾತ್ರ ಸೇರಿದ್ದಲ್ಲ. ರೇಸ್ ಕುದುರೆ ಸಾಮಾನ್ಯವಾಗಿ ಎರಡನೆಯ ವಯಸ್ಸಿಗೆ ಓಟಕ್ಕೆ ಇಳಿಯುತ್ತದೆ. ಆರೇಳು ವರ್ಷ ತುಂಬುವ ಹೊತ್ತಿಗೆ ಬಹುಪಾಲು ಕುದುರೆಗಳ ಓಟದ ಬದುಕು ಮುಗಿದಿರುತ್ತದೆ. ಆದರೆ ಚೆನ್ನಾಗಿ ನೋಡಿಕೊಂಡರೆ ಕುದುರೆ 25 ವರ್ಷ, ಅದಕ್ಕೂ ಹೆಚ್ಚು ಬಾಳುತ್ತದೆ. ಉಳಿದ ಹದಿನೆಂಟು ಇಪ್ಪತ್ತು ವರ್ಷ ಅದು ಏನು ಮಾಡಬೇಕು? ಗಂಡು ಹೆಣ್ಣುಗಳಲ್ಲಿ ಆಯ್ದ ಕೆಲವು ಮಾತ್ರ ತಳಿ ಬೆಳೆಸಲು ಹೋಗುತ್ತವೆ. ಉಳಿದವಕ್ಕೆ ಸರಿಯಾದ ಎರಡನೆಯ ಕೆಲಸ ಸಿಕ್ಕರೆ ಹುಲ್ಲು, ಹುರುಳಿ, ಲಾಳ, ಔಷಧಿ ಎಲ್ಲ ಸಿಗುತ್ತದೆ. ಕೆಲಸ ತಪ್ಪಿದರೆ ಕುದುರೆ ಕೈಯಿಂದ ಕೈಗೆ ಇಳಿಯುತ್ತ ಹೋಗುತ್ತದೆ. ಅದರ ಮೇಲೆ ಕೂತ ಸವಾರನ ಮೂಳೆಯೂ ಮುರಿಯಬಹುದು. ಆದ್ದರಿಂದ ಪರೀಕ್ಷಕನ ಕಣ್ಣಿಗೆ ಇಷ್ಟು ಬೆಲೆ.

ಗುಂಡ್ಲುಪೇಟೆಯವರಿಗೆ ರೇಸ್ ಹೊಸದಲ್ಲ. ಊರ ನಡುವೆ ಹಾಯುವ ಹೆದ್ದಾರಿಯ ಒಂದು ತುದಿಯಲ್ಲಿರುವ ಮೈಸೂರಿನಲ್ಲಿ 1891ರಲ್ಲಿ ರೇಸ್ ಕ್ಲಬ್ ಹುಟ್ಟಿತು. ಇನ್ನೊಂದು ತುದಿಯ ಊಟಿಯಲ್ಲಿ 2024ರಲ್ಲಿ ತಮಿಳುನಾಡು ಸರ್ಕಾರ ಜಾಗವನ್ನು ವಶಕ್ಕೆ ತೆಗೆದುಕೊಳ್ಳುವವರೆಗೂ ಬೇಸಿಗೆಯ ರೇಸು ನಡೆಯುತ್ತಿತ್ತು.

ಥರೋಬ್ರೆಡ್ ಎಂದರೆ ಏನು?

ಥರೋಬ್ರೆಡ್ ಎಂದರೆ ‘ಜಾತಿ ಕುದುರೆ’ ಎಂಬ ಸಡಿಲ ಅರ್ಥದ ಮಾತಲ್ಲ. ಅದು ಒಂದು ನಿರ್ದಿಷ್ಟ ತಳಿಯ ಹೆಸರು. ಹದಿನೇಳನೆಯ ಶತಮಾನದ ಕೊನೆ ಮತ್ತು ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿಗೆ ಬಂದ ಮೂರು ಪೂರ್ವದೇಶದ ಗಂಡುಕುದುರೆಗಳು, ಬಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್, ಈ ತಳಿಯ ಮೂಲಪುರುಷರು. ಇವುಗಳನ್ನು ಅಲ್ಲಿನ ಹೆಣ್ಣುಕುದುರೆಗಳೊಡನೆ ಕೂಡಿಸಿ ತಳಿ ಬೆಳೆಸಿದರು. 1791ರಲ್ಲಿ ಜೇಮ್ಸ್ ವೆದರ್ಬಿ ವಂಶಾವಳಿಯ ಗ್ರಂಥವನ್ನು ಆರಂಭಿಸಿದ. ಇಂದಿಗೂ ತಂದೆ ತಾಯಿ ಇಬ್ಬರೂ ಇಂಥ ಅಧಿಕೃತ ಗ್ರಂಥದಲ್ಲಿ ದಾಖಲಾಗಿದ್ದರೆ ಮಾತ್ರ ಮರಿಗೆ ಥರೋಬ್ರೆಡ್ ಎಂಬ ಹೆಸರು. ಕೃತಕ ಗರ್ಭಧಾರಣೆಗೆ ಇಲ್ಲಿ ಅವಕಾಶವಿಲ್ಲ. ಭಾರತದಲ್ಲಿ ಈ ದಾಖಲೆಯನ್ನು ಪುಣೆಯಲ್ಲಿ ಇಟ್ಟುಕೊಂಡು ಬರಲಾಗಿದೆ.

ಸುಮಾರು ಮುನ್ನೂರು ವರ್ಷ ಈ ತಳಿಯನ್ನು ಜಾಲಿಸಿದ ಜರಡಿ ಒಂದೇ: ಗೆರೆಯನ್ನು ಮೊದಲು ದಾಟಿದವರು ಯಾರು? ಹಾರುವ ಬಲ, ತಾಳಿಕೊಳ್ಳುವ ಸ್ವಭಾವ, ನಡಿಗೆಯ ಸೊಬಗು, ಇವನ್ನು ಯಾರೂ ಬೇಡವೆನ್ನಲಿಲ್ಲ, ಬೇಕೆಂದು ಆರಿಸಲೂ ಇಲ್ಲ. ಅವು ಕೆಲವು ಕುದುರೆಗಳಲ್ಲಿ ತಾವಾಗಿ ಉಳಿದುಕೊಂಡವು. ಅಂಥವನ್ನು ಗುರುತಿಸುವುದೇ ಇಲ್ಲಿನ ಕಸುಬು.

ಕೆಲಸ ಬದಲಾದರೆ ಕುದುರೆಯೂ ಬದಲಾಗಬೇಕು ಎಂಬುದಕ್ಕೆ ಕುಣಿಗಲ್ ಒಳ್ಳೆಯ ಸಾಕ್ಷಿ. ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದ್ದು. ಅಲ್ಲಿ ಬೆಳೆದದ್ದು ದಂಡಿನ ಕುದುರೆ. 1799ರ ನಂತರ ಅದು ಬ್ರಿಟಿಷರ ಕೈಗೆ, ಮುಂದೆ ಮೈಸೂರು ಸಂಸ್ಥಾನದ ಕೈಗೆ ಬಂತು. ಸ್ವಾತಂತ್ರ್ಯದ ಹೊತ್ತಿಗೆ ಅಶ್ವದಳದ ಕಾಲ ಮುಗಿದಿತ್ತು. ಫಾರಂ ರೇಸ್ ಕುದುರೆಯತ್ತ ತಿರುಗಿತು. 1992ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿತು. ಹುಲ್ಲುಗಾವಲು ಅದೇ, ಅದರ ಮೇಲೆ ಮೇಯುವ ಕುದುರೆಯ ಉದ್ದೇಶ ಮಾತ್ರ ಬೇರೆ.

ದಂಡಿನ ಕುದುರೆಗೆ ಇದ್ದ ಗುಣಗಳನ್ನು ಇಂದು ಹುಡುಕುತ್ತಿರುವುದು ಕ್ರೀಡೆಯಲ್ಲಿ. ಮೂರು ಹಂತದ ಅಶ್ವ ಸ್ಪರ್ಧೆಯಾದ ಈವೆಂಟಿಂಗ್ ಹುಟ್ಟಿದ್ದೇ ಸೈನ್ಯದ ಕುದುರೆಯ ಪರೀಕ್ಷೆಯಾಗಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಅದು ಮೊದಲ ಬಾರಿ ಸೇರಿದಾಗ ಸೈನ್ಯಾಧಿಕಾರಿಗಳಿಗೆ ಮಾತ್ರ ಪ್ರವೇಶವಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರದವರ ಜತೆ ಏರಿ ಹೋದ ಮೈಸೂರು ಲ್ಯಾನ್ಸರ್ಸ್ ದಳದ ಕುದುರೆಗಳಿಗೆ ಬೇಕಾಗಿದ್ದುದೂ ಇದೇ: ದೂರ ಓಡುವ ಉಸಿರು, ಕಲ್ಲು ಹಳ್ಳಕ್ಕೆ ಬೆದರದ ಕಾಲು, ಗದ್ದಲದಲ್ಲೂ ಸವಾರನ ಮಾತು ಕೇಳುವ ಕಿವಿ.

ವಂಶಾವಳಿಯನ್ನು ಓದುವ ಬಗೆ

ಕುದುರೆಯ ವಂಶಾವಳಿ ಪತ್ರದಲ್ಲಿ ಮೇಲಿನ ಅರ್ಧ ತಂದೆಯ ಕಡೆ, ಕೆಳಗಿನ ಅರ್ಧ ತಾಯಿಯ ಕಡೆ. ಸರಾಸರಿ ಲೆಕ್ಕದಲ್ಲಿ ಮರಿಯ ಆನುವಂಶಿಕ ಪಾಲಿನಲ್ಲಿ ತಂದೆ ತಾಯಿಗಳದು ತಲಾ ಶೇ. 50, ಅಜ್ಜ ಅಜ್ಜಿಯರದು ತಲಾ ಶೇ. 25, ಮುತ್ತಜ್ಜನ ತಲೆಮಾರಿನದು ತಲಾ ಶೇ. 12.5. ಐದನೆಯ ತಲೆಮಾರಿಗೆ ಹೋದರೆ ಒಬ್ಬೊಬ್ಬ ಪೂರ್ವಜನ ಪಾಲು ಶೇ. 3ರಷ್ಟು. ಹಾಗಾಗಿ ಪತ್ರದ ಬಲತುದಿಯಲ್ಲಿ ಎಲ್ಲೋ ಒಂದು ದೊಡ್ಡ ಹೆಸರು ಕಂಡಿತೆಂದು ಹಿಗ್ಗುವವನು ಮೋಸ ಹೋಗುತ್ತಾನೆ. ಮೊದಲ ಎರಡು, ಮೂರು ತಲೆಮಾರು ನೋಡಿದರೆ ಸಾಕಷ್ಟಾಯಿತು.

ಜಾಹೀರಾತುಗಳಲ್ಲಿ ತಂದೆಯ ಹೆಸರೇ ದೊಡ್ಡ ಅಕ್ಷರದಲ್ಲಿರುತ್ತದೆ. ಕುಣಿಗಲ್‌ನಲ್ಲಿ ತಳಿಗೆ ನಿಂತಿದ್ದ ಪ್ಲೇಸರ್‌ವಿಲ್ ಎಂಬ ಕುದುರೆ ಅಮೆರಿಕದ ಹೆಸರಾಂತ ಮಿಸ್ಟರ್ ಪ್ರಾಸ್ಪೆಕ್ಟರ್‌ನ ಮಗ ಎಂದರೆ ರೇಸ್ ಬಲ್ಲವರಿಗೆ ವೇಗದ ಮನೆತನ ಕಣ್ಣಮುಂದೆ ಬರುತ್ತದೆ. ಆದರೆ ಒಂದು ಗಂಡುಕುದುರೆಗೆ ವರ್ಷಕ್ಕೆ ಹತ್ತಾರು ಮರಿ. ಹೆಣ್ಣುಕುದುರೆ ಹನ್ನೊಂದು ತಿಂಗಳು ಹೊತ್ತು ವರ್ಷಕ್ಕೆ ಒಂದೇ ಮರಿ ಹಾಕುತ್ತದೆ, ಮತ್ತು ಆ ಮರಿಯನ್ನು ಸಾಕುವುದೂ ಅದೇ. ಅದಕ್ಕೇ ಕುದುರೆ ಲೋಕದಲ್ಲಿ ಒಡಹುಟ್ಟಿದವು ಎಂಬ ಮಾತನ್ನು ತಾಯಿ ಒಂದೇ ಆದಾಗ ಮಾತ್ರ ಬಳಸುತ್ತಾರೆ. ತಂದೆ ಮಾತ್ರ ಒಂದೇ ಆಗಿದ್ದರೆ ಆ ಲೆಕ್ಕಕ್ಕಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ಲಾಯದಲ್ಲೂ ನಡೆಯುತ್ತದೆ.

ಕ್ರೀಡೆಗೆ ಕುದುರೆ ಹುಡುಕುವವನು ತಾಯಿಯ ಕಡೆ ಕೇಳಬೇಕಾದದ್ದು ಎಷ್ಟು ಕಪ್ಪು ಗೆದ್ದಿತೆಂದಲ್ಲ. ಇದರ ಅಕ್ಕ ಅಣ್ಣಂದಿರು ಎಷ್ಟು ವರ್ಷ ಓಡಿದವು? ಕುಂಟದೆ ಓಡಿದವೆ? ಯಾವ ದೂರಕ್ಕೆ ಓಡಿದವು? 2010ರಲ್ಲಿ ಐರ್ಲೆಂಡಿನ ಎಮ್ಮೆಲಿನ್ ಹಿಲ್ ಮತ್ತು ಸಂಗಡಿಗರು ಸ್ನಾಯು ಬೆಳವಣಿಗೆಯನ್ನು ಹತೋಟಿಯಲ್ಲಿಡುವ ಮಯೋಸ್ಟಾಟಿನ್ ಎಂಬ ಜೀನ್‌ನ ಬಗೆಗಳಿಗೂ ಥರೋಬ್ರೆಡ್‌ಗೆ ಒಗ್ಗುವ ಓಟದ ದೂರಕ್ಕೂ ಸಂಬಂಧವಿದೆಯೆಂದು ತೋರಿಸಿದರು. ಒಂದು ಬಗೆಯ ಜೋಡಿಯಿದ್ದರೆ ಚಿಕ್ಕ ಓಟಕ್ಕೆ, ಇನ್ನೊಂದು ಬಗೆಯ ಜೋಡಿಯಿದ್ದರೆ ದೂರದ ಓಟಕ್ಕೆ, ಮಿಶ್ರವಿದ್ದರೆ ನಡುವಿನ ದೂರಕ್ಕೆ. ಗುಡ್ಡಗಾಡಿನ ಓಟವಿರುವ ಈವೆಂಟಿಂಗ್‌ಗೆ ದೂರದ ಉಸಿರಿನ ಮನೆತನ ಸಹಜವಾಗಿ ಹೆಚ್ಚು ಒಪ್ಪುತ್ತದೆ.

ವಂಶದ ಬಲ ಎಷ್ಟು ಎಂಬುದಕ್ಕೆ ಸ್ಯಾಮ್ ಎಂಬ ಜರ್ಮನ್ ಕುದುರೆಯನ್ನು ನೋಡಬಹುದು. ಮಿಶೆಲ್ ಯುಂಗ್ ಸವಾರಿಯಲ್ಲಿ ಅದು 2012ರ ಲಂಡನ್, 2016ರ ರಿಯೊ ಒಲಿಂಪಿಕ್ಸ್ ಎರಡರಲ್ಲೂ ಈವೆಂಟಿಂಗ್‌ನ ವೈಯಕ್ತಿಕ ಚಿನ್ನ ಗೆದ್ದಿತು. ಅದರ ತಂದೆ ಸ್ಟ್ಯಾನ್ ದ ಮ್ಯಾನ್ ಥರೋಬ್ರೆಡ್; ತಾಯಿಯ ತಂದೆ ಹೆರಾಲ್ಡಿಕ್ ಕೂಡ ಥರೋಬ್ರೆಡ್. ಹೆರಾಲ್ಡಿಕ್‌ನ ಮಕ್ಕಳು, ಮೊಮ್ಮಕ್ಕಳು ಈವೆಂಟಿಂಗ್‌ನಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡವು. ಅಂದರೆ ಥರೋಬ್ರೆಡ್‌ನೊಳಗೇ ಕ್ರೀಡೆಗೆ ಒದಗುವ ಮನೆತನಗಳಿವೆ.

ವಂಶದ ಮಿತಿ ಎಷ್ಟು ಎಂಬುದಕ್ಕೆ ಟಚ್ ಆಫ್ ಕ್ಲಾಸ್ ಎಂಬ ಅಮೆರಿಕದ ಹೆಣ್ಣುಕುದುರೆಯನ್ನು ನೋಡಬೇಕು. ಅಪ್ಪಟ ಥರೋಬ್ರೆಡ್, ರೇಸಿನಲ್ಲಿ ಒಂದೂ ಗೆಲ್ಲಲಿಲ್ಲ. ಎತ್ತರ ಸುಮಾರು 16 ಹ್ಯಾಂಡ್, ಅಂದರೆ ಐದು ಅಡಿ ನಾಲ್ಕು ಅಂಗುಲ. ಹಾರುವ ಕುದುರೆಗಳ ಸಾಲಿನಲ್ಲಿ ಚಿಕ್ಕದೇ. ಅದೇ ಕುದುರೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜೋ ಫಾರ್ಗಿಸ್ ಸವಾರಿಯಲ್ಲಿ 91 ಅಡೆತಡೆಗಳ ಪೈಕಿ 90ನ್ನು ತಾಗದೆ ದಾಟಿ ಎರಡು ಚಿನ್ನ ತಂದಿತು. ರೇಸಿನ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಖಾಲಿ. ಕಾಲಿನಲ್ಲಿ ಮಾತ್ರ ಬೇರೆಯೇ ಕಥೆ ಇತ್ತು.

ಮೈಕಟ್ಟು ನೋಡುವ ಕ್ರಮ

ಮೊದಲು ಹತ್ತು ಹೆಜ್ಜೆ ದೂರ ನಿಂತು ಪಕ್ಕದಿಂದ ನೋಡಬೇಕು. ಕುದುರೆ ಸಮತಟ್ಟಾದ ನೆಲದ ಮೇಲಿರಬೇಕು. ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸುವವನನ್ನು ನಂಬಬಾರದು. ಕತ್ತು ಬೆನ್ನಿಗೆ ಸೇರುವಲ್ಲಿನ ದಿಣ್ಣೆ ಎತ್ತರವೋ, ಹಿಂಭಾಗದ ಪೃಷ್ಠ ಎತ್ತರವೋ? ವೇಗದ ಕುದುರೆಗಳಲ್ಲಿ ಹಿಂಭಾಗ ತುಸು ಎತ್ತರವಿರುವುದು ಅಪರೂಪವಲ್ಲ, ಅದು ಮುಂದಕ್ಕೆ ತಳ್ಳುವ ಯಂತ್ರ. ಕ್ರೀಡಾ ಕುದುರೆ ಭಾರವನ್ನು ಹಿಂಗಾಲಿಗೆ ತೆಗೆದುಕೊಂಡು ಮುಂಭಾಗವನ್ನು ಹಗುರ ಮಾಡಬೇಕು. ಮುಂದೆ ಎತ್ತರವಿದ್ದರೆ ಆ ಕೆಲಸ ಸುಲಭ. ಆದರೆ ಎರಡು ಮೂರು ವರ್ಷದ ಮರಿ ಒಮ್ಮೆ ಹಿಂದೆ, ಒಮ್ಮೆ ಮುಂದೆ ಬೆಳೆಯುತ್ತಿರುತ್ತದೆ. ಅದರ ಬಗ್ಗೆ ಆತುರದ ತೀರ್ಪು ಕೂಡದು.

ಮುಂದೆ ಭುಜ. ಓರೆಯಾದ, ಉದ್ದನೆಯ ಭುಜವಿದ್ದರೆ ಮುಂಗಾಲು ದೂರ ಚಾಚುತ್ತದೆ. ಹಾರುವ ಕುದುರೆಯಲ್ಲಿ ಭುಜದ ತುದಿ ಎದೆಯ ಮೇಲ್ಭಾಗದಲ್ಲಿದ್ದರೆ ಮಂಡಿ ಚೆನ್ನಾಗಿ ಮೇಲಕ್ಕೆ ಮಡಚುತ್ತದೆ. ಕತ್ತು ಎದೆಯಿಂದ ಕೆಳಗೆ ಹೊರಟಿದೆಯೋ, ಮೇಲೆ ಹೊರಟಿದೆಯೋ ನೋಡಬೇಕು. ಡ್ರೆಸಾಜ್ ಎಂಬ ಹೆಜ್ಜೆಯ ಸ್ಪರ್ಧೆಗೆ ಮೇಲಿನಿಂದ ಹೊರಟ ಕತ್ತು ಅನುಕೂಲ. ಬೆನ್ನು ತೀರ ಉದ್ದವಾದರೆ ಭಾರ ಹೊರುವುದು ಕಷ್ಟ. ಸೊಂಟ ಬಲವಾಗಿ, ಪೃಷ್ಠಕ್ಕೆ ಒಪ್ಪವಾಗಿ ಬೆಸೆದಿರಬೇಕು. ಬಲ ಹಿಂದಿನಿಂದ ಮುಂದಕ್ಕೆ ಹರಿಯುವ ಸೇತುವೆ ಅದು.

ಆಮೇಲೆ ಎದುರಿಗೆ ಹೋಗಿ ಮುಂಗಾಲು ನೋಡಬೇಕು. ಭುಜದ ತುದಿಯಿಂದ ಗೊರಸಿನವರೆಗೆ ತೂಗುಗುಂಡು ಬಿಟ್ಟಂತೆ ಗೆರೆ ನೇರವಿರಬೇಕು. ಪಕ್ಕದಿಂದ ನೋಡಿದಾಗ ಮಂಡಿ ಹಿಂದಕ್ಕೆ ಬಾಗಿದ್ದರೆ ಅದು ದೊಡ್ಡ ದೋಷ. ವೇಗದಲ್ಲಿ ಓಡುವಾಗಲೂ ಹಾರಿ ನೆಲಕ್ಕಿಳಿಯುವಾಗಲೂ ಪೆಟ್ಟು ಅಲ್ಲೇ. ಗೊರಸಿನ ಮೇಲಿನ ಗಂಟಿನಿಂದ ಗೊರಸಿನವರೆಗಿನ ಓರೆ ತೀರ ನೆಟ್ಟಗಿದ್ದರೆ ಕೀಲಿಗೆ ಏಟು, ತೀರ ಬಳುಕಿದರೆ ನರಕ್ಕೆ ಏಟು. ಹಿಂಗಾಲಿನ ಮಡಚು ಕೀಲು ಅಗಲವಾಗಿ, ಶುಷ್ಕವಾಗಿ, ಬಾವಿಲ್ಲದೆ ಇರಬೇಕು. ಗೊರಸು ನಾಲ್ಕೂ ಸಮನಾಗಿರಬೇಕು. ಥರೋಬ್ರೆಡ್‌ನ ಗೊರಸಿನ ಗೋಡೆ ತೆಳುವಾಗಿರುವುದು ಸಾಮಾನ್ಯ ದೂರು. ಸಂತೆಯ ರೈತ ಗೊರಸು ನೋಡದೆ ಎತ್ತು ಕೊಳ್ಳುವುದಿಲ್ಲ. ಕುದುರೆ ಕೊಳ್ಳುವವನಿಗೂ ಅದೇ ಬುದ್ಧಿ ಬೇಕು.

ಸುಳಿಯ ಮಾತು ಬಂದರೆ, ಕುದುರೆಯ ಸುಳಿಗಳ ಶುಭಾಶುಭವನ್ನು ನಮ್ಮ ಹಳೆಯ ಅಶ್ವಶಾಸ್ತ್ರಗಳೂ ವಿವರಿಸಿವೆ. ಪರಂಪರೆಯಾಗಿ ಅದಕ್ಕೆ ಗೌರವವಿರಲಿ. ಆದರೆ ಕೀಲಿನ ಓರೆಯನ್ನು ಸುಳಿ ಹೇಳದು, ಕೀಲನ್ನೇ ನೋಡಬೇಕು.

ಕಡೆಗೆ ನಡೆಸಬೇಕು. ನಡಿಗೆಯಲ್ಲಿ ನಾಲ್ಕು ತಾಳ, ಟ್ರಾಟ್‌ನಲ್ಲಿ ಎರಡು, ಕ್ಯಾಂಟರ್‌ನಲ್ಲಿ ಮೂರು. ನಡಿಗೆಯಲ್ಲಿ ಹಿಂಗಾಲು ಮುಂಗಾಲಿನ ಗುರುತನ್ನು ದಾಟಿ ಬೀಳಬೇಕು. ಟ್ರಾಟ್ ತರಬೇತಿಯಿಂದ ಸುಧಾರಿಸುತ್ತದೆ. ಕೆಟ್ಟ ನಡಿಗೆ, ಕೆಟ್ಟ ಕ್ಯಾಂಟರ್ ಸುಧಾರಿಸುವುದು ಕಷ್ಟವೆಂಬುದು ತರಬೇತುದಾರರ ಅನುಭವ. ರೇಸು ಬಿಟ್ಟ ಕುದುರೆಯ ಮುಂಗಾಲಿನ ಹಿಂಬದಿಯ ನರವನ್ನು ಬೆರಳಿನಿಂದ ಸವರಿ ನೋಡಬೇಕು. ಹಳೆಯ ಗಾಯ ಬಿಲ್ಲಿನಂತೆ ಉಬ್ಬಿರುತ್ತದೆ. ಪಶುವೈದ್ಯರು ಕ್ಷ-ಕಿರಣ ಚಿತ್ರ ತೆಗೆಯದೆ ವ್ಯಾಪಾರ ಮುಗಿಸಬಾರದು.

ಆನೆ ಮತ್ತು ಎತ್ತಿನಿಂದ ಕಲಿಯುವ ಪಾಠ

ಇಷ್ಟಾದ ಮೇಲೂ ಕುಲ ದೊಡ್ಡದೋ ಮೈಕಟ್ಟು ದೊಡ್ಡದೋ ಎಂಬ ವಾದ ಉಳಿಯುತ್ತದೆ. ಇದಕ್ಕೆ ಚಾಮರಾಜನಗರದ ಸೀಮೆಯಲ್ಲೇ ಎರಡು ಹಳೆಯ ನಿದರ್ಶನಗಳಿವೆ.

ಮೊದಲನೆಯದು ಆನೆಯದು. 1870ರ ದಶಕದಲ್ಲಿ ಜಿ.ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಖೆಡ್ಡಾ ನಡೆಸಿ ಕಾಡಾನೆ ಹಿಡಿದ. 1878ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಮಾವುತರು ಆನೆಗಳನ್ನು ಮೂರು ವರ್ಗ ಮಾಡುತ್ತಿದ್ದ ವಿವರವಿದೆ. ಕುಮೇರಿಯಾ ಎಂದರೆ ಉತ್ತಮ: ಗಿಡ್ಡ ದಪ್ಪ ಕಾಲು, ಆಳವಾದ ಒಡಲು, ದೊಡ್ಡ ತಲೆ, ಸೌಮ್ಯವಾದ ಕಣ್ಣು. ದ್ವಾಸಲಾ ಮಧ್ಯಮ. ಮೀರ್ಗಾ ಎಂದರೆ ಉದ್ದ ಕಾಲಿನ, ಹಗುರ ಮೈಯ ಕೆಳದರ್ಜೆ. ಕುಮೇರಿಯಾ ಎಂಬುದಕ್ಕೆ ಅವನು ಕೊಟ್ಟ ಇಂಗ್ಲಿಷ್ ಅರ್ಥವೇ ಥರೋಬ್ರೆಡ್. ಆದರೆ ಇವು ಬೇರೆ ಬೇರೆ ತಳಿಗಳಲ್ಲ. ಈ ಬಗೆಗಳು ಒಂದೇ ಹಿಂಡಿನಲ್ಲಿ ಹುಟ್ಟುತ್ತವೆ. ಕಾಡಾನೆಗೆ ವಂಶಾವಳಿ ಪತ್ರವಿಲ್ಲ. ಮಾವುತನಿಗಿದ್ದದ್ದು ಕಣ್ಣು ಮಾತ್ರ. ಕೆಳದರ್ಜೆಯೆನಿಸಿದ ಮೀರ್ಗಾ ವೇಗದ ನಡಿಗೆಗೆ ಮೇಲು ಎಂಬುದನ್ನೂ ಅದೇ ಪುಸ್ತಕ ಒಪ್ಪುತ್ತದೆ. ದರ್ಜೆ ಹುಟ್ಟಿದ್ದು ಭಾರ ಹೊರುವ ಕೆಲಸದಿಂದ. ಕೆಲಸ ಬದಲಾದೊಡನೆ ದರ್ಜೆಯೂ ತಲೆಕೆಳಗಾಯಿತು.

ಎರಡನೆಯದು ಅಮೃತ ಮಹಲ್ ದನದ್ದು. ಪಟ್ಟಕ್ಕೆ ಬರುವ ಮುನ್ನ ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿದ್ದ ಚಿಕ್ಕದೇವರಾಜ ಒಡೆಯರು ಮುಂದೆ ಅರಮನೆಯ ಹಸುಗಳಿಗಾಗಿ ಬೆಣ್ಣೆ ಚಾವಡಿ ಕಟ್ಟಿದರು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಬೆಣ್ಣೆಗೆಂದು ಹುಟ್ಟಿದ ಇಲಾಖೆ ಹೈದರನ ಕಾಲಕ್ಕೆ ಫಿರಂಗಿ ಎಳೆಯುವ ಎತ್ತಿನ ಇಲಾಖೆಯಾಯಿತು. ಚಿದಂಬರದ ಕಡೆಗಿನ ದಂಡಯಾತ್ರೆಯಲ್ಲಿ ಈ ಎತ್ತುಗಳ ಬಲದಿಂದ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತೆಂದು ಬ್ರಿಟಿಷ್ ದಾಖಲೆಗಳು ಹೇಳುತ್ತವೆ. ಅಂಥ ಹಿಂಡನ್ನು 1860ರಲ್ಲಿ ಖರ್ಚು ಉಳಿಸಲೆಂದು ಮಾರಿ ಚದುರಿಸಿದರು. ಒಳ್ಳೆಯ ಎತ್ತು ಸಿಗದಾದಾಗ 1866ರಲ್ಲಿ ಮತ್ತೆ ಕೂಡಿಸಬೇಕಾಯಿತು. ಒಂದೊಂದು ಎತ್ತಿನ ಕಾಲನ್ನು ಕಣ್ಣು ಗುರುತಿಸೀತು. ಅಂಥ ಕಾಲು ಮತ್ತೆ ಮತ್ತೆ ಹುಟ್ಟಬೇಕಾದರೆ ಕುಲದ ಲೆಕ್ಕ ಇಟ್ಟಿರಬೇಕು.

ಆನೆಯ ಪಾಠ, ಎತ್ತಿನ ಪಾಠ ಎರಡನ್ನೂ ಕೂಡಿಸಿದರೆ ವಾದಕ್ಕೆ ಉತ್ತರ ಸಿಗುತ್ತದೆ. ತಳಿ ಬೆಳೆಸುವವನಿಗೆ ಕುಲ ಮುಖ್ಯ, ಏಕೆಂದರೆ ಅವನು ಮುಂದೆ ಹುಟ್ಟುವ ಮರಿಯನ್ನು ಕೊಳ್ಳುತ್ತಿದ್ದಾನೆ. ಸವಾರನಿಗೆ ಮೈಕಟ್ಟು ಮುಖ್ಯ, ಏಕೆಂದರೆ ಅವನು ಎದುರು ನಿಂತ ಕುದುರೆಯನ್ನು ಕೊಳ್ಳುತ್ತಿದ್ದಾನೆ. ಕುಲ ಸಂಭವವನ್ನು ಹೇಳುತ್ತದೆ. ಮೈಕಟ್ಟು ಸಾಧ್ಯತೆಯನ್ನು ತೋರಿಸುತ್ತದೆ. ಕೆಲಸ ಎರಡಕ್ಕೂ ತೀರ್ಪು ಕೊಡುತ್ತದೆ.

ಆ ತೀರ್ಪಿಗೆ ಕಾಲ ಬೇಕು. ರೇಸು ಬಿಟ್ಟು ಬಂದ ಕುದುರೆಗೆ ಗೊತ್ತಿರುವ ಪಾಠ ಒಂದೇ: ಲಗಾಮು ಬಿಗಿಯಾದರೆ ಇನ್ನೂ ವೇಗವಾಗಿ ಓಡು. ಅದನ್ನು ಮರೆಸಲು ಕೆಲವು ತಿಂಗಳ ವಿಶ್ರಾಂತಿ, ಬಯಲಿನ ಮೇವು, ನಿಧಾನದ ಪಾಠ ಬೇಕು. ಸ್ವಭಾವ ತಿಳಿಯುವುದೂ ಆಗಲೇ. ಹೊಸ ವಸ್ತು ಕಂಡಾಗ ಬೆದರಿ ಓಡುವುದೇ, ಬೆದರಿ ನಿಂತು ನೋಡುವುದೇ? ಎರಡನೆಯದು ಕಲಿಯುವ ಕುದುರೆ.

ಭಾರತೀಯರು ಈ ಕ್ರೀಡೆಯಲ್ಲಿ ಹಿಂದುಳಿದವರಲ್ಲ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ರಘುಬೀರ್ ಸಿಂಗ್ ಶಹಜಾದಾ ಕುದುರೆಯ ಮೇಲೆ ಈವೆಂಟಿಂಗ್ ಚಿನ್ನ ಗೆದ್ದರು. 2018ರ ಜಕಾರ್ತಾ ಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಸಿನ್ಯೂರ್ ಮೆಡಿಕಾಟ್ ಮೇಲೆ ವೈಯಕ್ತಿಕ ಬೆಳ್ಳಿ ಗೆದ್ದು, ತಂಡದ ಬೆಳ್ಳಿಯಲ್ಲೂ ಪಾಲುಗೊಂಡರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. ಆ ಕುದುರೆಯ ಮೇಲೆ ಮೊದಲು ಸವಾರಿ ಮಾಡುತ್ತಿದ್ದವರು ಜರ್ಮನಿಯ ಬೆಟ್ಟಿನಾ ಹೋಯ್. ಕ್ರೀಡೆಗೆಂದೇ ಬೆಳೆಸಿದ ಅಂಥ ವಿದೇಶಿ ಕುದುರೆ ಕೊಳ್ಳುವ ಶಕ್ತಿ ಕೆಲವರಿಗೆ ಮಾತ್ರ. ಹಳ್ಳಿ ಪಟ್ಟಣದಿಂದ ಬಂದು ಸವಾರಿ ಕಲಿಯಬೇಕೆಂಬ ಹುಡುಗ ಹುಡುಗಿಯರಿಗೆ ಕೈಗೆಟುಕುವುದು ರೇಸು ಬಿಟ್ಟ ಥರೋಬ್ರೆಡ್. ಅವುಗಳಲ್ಲಿ ಯಾವುದು ತಕ್ಕದ್ದು ಎಂದು ಹೇಳಬಲ್ಲ ಕಣ್ಣುಗಳು ಹೆಚ್ಚಿದಷ್ಟೂ ಕುದುರೆಗೂ ಸವಾರನಿಗೂ ಒಳ್ಳೆಯದು.

ಅಂಥ ಕಣ್ಣಿಗೆ ಪುಸ್ತಕ ಬೇಕು, ಆದರೆ ಪುಸ್ತಕವೊಂದೇ ಸಾಲದು. ನೂರು ಕಾಲು ಸವರಿದ ಕೈಗೆ ನೂರೊಂದನೆಯ ಕಾಲಿನ ಬಾವು ಥಟ್ಟನೆ ತಿಳಿಯುತ್ತದೆ. ಆ ಕಲೆ ಈ ಸೀಮೆಯ ದನದ ಸಂತೆಗಳಲ್ಲಿ ತಲೆತಲಾಂತರದಿಂದ ಬಂದಿದೆ. ಎತ್ತಿನ ಬದಲು ಕುದುರೆ ನಿಂತರೂ ಕೇಳಬೇಕಾದ ಮೊದಲ ಮಾತು ಬದಲಾಗದು: ಇದರಿಂದ ಯಾವ ಕೆಲಸ ಆಗಬೇಕು? ಅದಕ್ಕೆ ಉತ್ತರ ಸಿಕ್ಕ ಮೇಲೆ ಕುಲವನ್ನು ಕೇಳಿ, ಕಾಲನ್ನು ನೋಡಿ, ನಡೆಸಿ ನೋಡಿ. ಬೆಲೆಯ ಮಾತು ಆಮೇಲೆ.